ಕೆಂಪು ದಾರದ ಮೂರು ಹೊಲಿಗೆ

ಫೆಬ್ರವರಿ 4

ಕಡ್ಡೀ,

ನಿನ್ನ ಕಾಗದ ನಿನ್ನೆ ಬಂತು. ಹೆತ್ತ ತಾಯಿ ಮೆಟ್ಟಿಲಿಂದ ಬಿದ್ದು ತಲೆ ಒಡೆದುಕೊಂಡಿದ್ದಾಳೆ, ಅದಕ್ಕೆ ಒಂದೇ ಪುಟವೇ? ಕನ್ನಡಕದ ಗಾಜು ಉಜ್ಜುವ ಕೆಲಸಕ್ಕೆ ಸೇರಿದ ಮೇಲೆ ನಿನಗೆ ಎಲ್ಲವನ್ನೂ ಉಜ್ಜಿ ತೆಳ್ಳಗೆ ಮಾಡುವ ಚಟ ಹತ್ತಿದೆ. 'ಕೈಯಲ್ಲಿ ಪುಸ್ತಕದ ಕಟ್ಟಿತ್ತು, ಜಾರಿದಳು, ಆಪರೇಷನ್ ಆಯಿತು, ಇನ್ನೂ ಎಚ್ಚರ ಬಂದಿಲ್ಲ.' ಮುಗಿಯಿತು. ಅವಳು ಕೆಲಸ ಮಾಡುವ ಆ ಬೈಂಡಿಂಗ್ ಅಂಗಡಿಯಲ್ಲಿ ಮೇಲಿಂದ ಕೆಳಕ್ಕೆ ಕಟ್ಟು ಇಳಿಸಲು ಬೇರೆ ಗಂಡಾಳು ಇರಲಿಲ್ಲವೇ? ಐವತ್ತೆರಡು ವರ್ಷದ ಹೆಂಗಸೇ ಹೊರಬೇಕಿತ್ತೇ? ಹೊತ್ತಿರುತ್ತಾಳೆ ಬಿಡು. 'ನೀವು ಬಿಡಿ, ನಾನು ತರ್ತೀನಿ' ಅಂದಿರುತ್ತಾಳೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ನನಗೆ ಗೊತ್ತಿಲ್ಲವೇ.

ಫೋನು ಮಾಡಿ ಅಂತ ಕೆಳಗಿನ ಬೀಗದ ಅಂಗಡಿಯವನು ಹೇಳುತ್ತಾನೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರದ ಪಕ್ಕ ನಿಂತ ಕಿವಿ ಇದು. ಫೋನು ಹಿಡಿದರೆ ಈಗಲೂ ಬಟ್ಟೆ ತಿರುಗುವ ಸದ್ದೇ ಕೇಳುತ್ತದೆ. ಬಂದುಬಿಡೋಣವೆಂದರೆ ಎರಡು ದಿನದ ರೈಲು. ಈ ಮನೆಯ ಹದಿನಾರು ಮೆಟ್ಟಿಲು ಇಳಿಯುವುದಕ್ಕೇ ನನ್ನ ಸೊಂಟ ನೂರು ಮಾತು ಬೈಯುತ್ತದೆ. ಆದ್ದರಿಂದ ಕಾಗದವೇ ಗತಿ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳ ಕಾಗದ. ತಪ್ಪಿದ್ದಲ್ಲಿ ನುಂಗಿಕೊಂಡು ಓದು.

ಒಂದು ಮಾತು. ದೇವರನ್ನು ಕೇಳು. ನಾನು ದಿನಾ ಬೆಳಿಗ್ಗೆ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದೇನೆ. ಅವನು ಒಳ್ಳೆಯವನು. ನಿಧಾನಸ್ಥ, ಆದರೆ ಒಳ್ಳೆಯವನು. ಇಬ್ಬರು ಕೇಳಿದರೆ ಸ್ವಲ್ಪ ಬೇಗ ಎದ್ದಾನು.

ನಿನ್ನ ಅಜ್ಜಿ


ಫೆಬ್ರವರಿ 12

ಅಜ್ಜಿ,

ಅಮ್ಮ ಹಾಗೇ ಇದ್ದಾಳೆ. ಗಾಬರಿಪಡುವಂಥದ್ದು ಏನಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಉಸಿರಿಗೆ ಒಂದು ನಳಿಗೆ ಹಾಕಿದ್ದಾರೆ, ಅದು ಸ್ವಲ್ಪ ದಿನಕ್ಕಷ್ಟೇ. ಬಲಗೈ ಬೆಚ್ಚಗಿರುತ್ತದೆ. ನಾನು ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡಿ ಮಧ್ಯಾಹ್ನ ಇಲ್ಲಿಗೆ ಬರುತ್ತೇನೆ. ಗೋಡೆಯ ಬಣ್ಣ, ನೆಲ ಒರೆಸುವ ವಾಸನೆ, ಗಾಲಿ ಮಂಚ ಕಿರುಗುಟ್ಟುವುದು, ಎಲ್ಲ ನೀನು ಹೇಳುತ್ತಿದ್ದ ಹಾಗೇ ಇದೆ.

ದೇವರ ವಿಷಯ. ಬೇಜಾರು ಮಾಡಿಕೊಳ್ಳಬೇಡ. ನನ್ನಿಂದ ಆಗುತ್ತಿಲ್ಲ. ಕಣ್ಣು ಮುಚ್ಚಿದರೆ ಮಾತು ಬರುವುದಿಲ್ಲ. ಅವನು ಒಳ್ಳೆಯವನು ಎಂದು ನೀನು ಬರೆದದ್ದನ್ನು ಓದಿ ಕಾಗದ ಮಡಚಿ ಚೀಲದಲ್ಲಿಟ್ಟೆ. ಚೀಲ ಹೊತ್ತುಕೊಂಡರೆ ಅದು ಚುಚ್ಚಿದ ಹಾಗಾಗುತ್ತದೆ. ಯಾಕೆ ಎಂದು ಕೇಳಬೇಡ. ನನ್ನ ಪಾಲಿನದನ್ನೂ ನೀನೇ ಕೇಳಿಕೋ.

ಮೊಮ್ಮಗಳು


ಫೆಬ್ರವರಿ 19

ಕಡ್ಡೀ,

ನಿನ್ನ ಪಾಲಿನದನ್ನು ನಾನು ಕೇಳಬೇಕಂತೆ. ಶಾಲೆಯಲ್ಲಿ ಲೆಕ್ಕ ಬರದಿದ್ದಾಗಲೂ ಹೀಗೇ ಮಾಡುತ್ತಿದ್ದೆ, ನಿನ್ನಮ್ಮನಿಂದ ಬರೆಸಿಕೊಂಡು ಹೋಗುತ್ತಿದ್ದೆ. ಆಗಲಿ, ಕೇಳುತ್ತೇನೆ. ಬೆಳಿಗ್ಗೆ ಈಗ ಎರಡು ಸಲ ಕೂರುತ್ತೇನೆ. ಒಂದು ನನ್ನದು, ಇನ್ನೊಂದು ಮೈಗಳ್ಳಿ ಮೊಮ್ಮಗಳದ್ದು.

ಮಾತು ಬರುವುದಿಲ್ಲ ಅಂದೆಯಲ್ಲ, ನನಗೆ ಮಾತ್ರ ಬರುತ್ತದೆ ಅಂದುಕೊಂಡೆಯಾ? ಕೇಳು. ನಮ್ಮ ಲಾಂಡ್ರಿಯಲ್ಲಿ ದೊಡ್ಡ ಹೊದಿಕೆ ಮಡಚಲು ಇಬ್ಬರು ಬೇಕು. ಈ ಕಡೆಯ ಎರಡು ಮೂಲೆ ನಾನು, ಆ ಕಡೆಯ ಎರಡು ಮೂಲೆ ದಪ್ಪಕ್ಕ. ಬಿಗಿಯಾಗಿ ಎಳೆದು, ಒಮ್ಮೆ ಕೊಡವಿ, ಹೆಜ್ಜೆ ಹಾಕಿ ಹತ್ತಿರ ಬಂದು, ಮೂಲೆಗೆ ಮೂಲೆ ಸೇರಿಸಬೇಕು. ಇಪ್ಪತ್ತೆರಡು ವರ್ಷ ಹೀಗೆ ನಾವಿಬ್ಬರು ದಿನಕ್ಕೆ ಮುನ್ನೂರು ಸಲ ಎದುರಾದೆವು; ಗಂಡನ ಮುಖವನ್ನೂ ಅಷ್ಟು ಸಲ ನೋಡಿದವಳಲ್ಲ ನಾನು. ಒಣಗಿಸುವ ಯಂತ್ರ ತೆಗೆದರೆ ಕೋಣೆ ತುಂಬ ಹಬೆ. ಅಷ್ಟು ದಪ್ಪ ಇದ್ದ ದಪ್ಪಕ್ಕ ಕೂಡ ಆಗ ಕಾಣಿಸುತ್ತಿರಲಿಲ್ಲ ಅಂದರೆ ನೀನೇ ಲೆಕ್ಕ ಹಾಕು. ಆದರೆ ಬಟ್ಟೆ ಬಿಗಿಯಾಗಿದೆಯೆಂದರೆ ಆ ಕಡೆ ಅವಳು ಹಿಡಿದಿದ್ದಾಳೆ ಅಂತಲೇ. ದೇವರೂ ಹಾಗೆ. ನೀನು ನಿನ್ನ ಮೂಲೆ ಹಿಡಿ, ಸಾಕು.

ನಿನ್ನಮ್ಮ ಆರು ವರ್ಷದವಳಿದ್ದಾಗ ಶಾಲೆ ಬಿಟ್ಟು ಸೀದಾ ಲಾಂಡ್ರಿಗೆ ಬರುತ್ತಿದ್ದಳು. ದಿಂಬಿನ ಚೀಲ ಕೊಟ್ಟು ಕೂರಿಸುತ್ತಿದ್ದೆ. ಹೆಬ್ಬೆರಳ ಉಗುರಲ್ಲಿ ಗೆರೆ ಎಳೆದು ಎಳೆದು ಮಡಚುವಳು. 'ಅಮ್ಮಾ, ನೋಡೇ, ಚಾಕು ಇಟ್ಟಂಗೆ ಬಂತು' ಅನ್ನುವಳು. ಆ ಉಗುರೇ ಅವಳಿಗೆ ಪುಸ್ತಕ ಕಟ್ಟುವ ಕೆಲಸ ಕೊಡಿಸಿತು. ಅಂಥ ಕೈಯನ್ನು ಅವನು ಸುಮ್ಮನೆ ಕೆಳಗೆ ಹಾಕುತ್ತಾನೆಯೇ? ಹಾಕಿದರೆ ನಾನು ಬಿಡುತ್ತೇನೆಯೇ?

ನಿನ್ನ ಅಜ್ಜಿ


ಫೆಬ್ರವರಿ 27

ಅಜ್ಜಿ,

ಒಂದು ಒಳ್ಳೆಯ ಸುದ್ದಿ. ಉಸಿರಿನ ನಳಿಗೆ ತೆಗೆದಿದ್ದಾರೆ. ಅಮ್ಮ ತಾನಾಗಿಯೇ ಉಸಿರಾಡುತ್ತಿದ್ದಾಳೆ. ಕಣ್ಣು ಮಾತ್ರ ಬಿಟ್ಟಿಲ್ಲ.

ಮೊನ್ನೆ ಅವಳನ್ನು ಬೇರೆ ಕೋಣೆಗೆ ಬದಲಾಯಿಸಿದರು. ಕಾರಿಡಾರಿನ ಕೊನೆಯ ಕೋಣೆ, ಬಹಳ ಶಾಂತವಾಗಿದೆ. ಮೊದಲಿನ ಹಾಗೆ ಯಂತ್ರಗಳ ಬೀಪ್ ಬೀಪ್ ಇಲ್ಲ. ನರ್ಸುಗಳು ಬಂದು ಹೋಗುವುದೂ ಕಡಿಮೆ. ದೊಡ್ಡ ಕಿಟಕಿ ಇದೆ, ಮಧ್ಯಾಹ್ನದ ಬಿಸಿಲು ಅಮ್ಮನ ಕಾಲ ಮೇಲೆ ಬೀಳುತ್ತದೆ. ನಿನಗೆ ಇಷ್ಟವಾಗುತ್ತದೆ ಎಂದು ಇದನ್ನೂ ಬರೆಯುತ್ತೇನೆ: ಇಲ್ಲಿನ ಹೊದಿಕೆಗಳು ದಪ್ಪ, ಒಳ್ಳೆಯ ನೇಯ್ಗೆಯವು. ಮೂಲೆಯಲ್ಲಿ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿದ್ದಾರೆ. ನೀನಿದ್ದಿದ್ದರೆ ಮೊದಲು ಅದನ್ನೇ ತಿರುವಿ ನೋಡುತ್ತಿದ್ದೆ.

ಮೊಮ್ಮಗಳು


ಮಾರ್ಚ್ 6

ಮಗಳೇ,

ಕಾಗದ ಸೇರಿತು.

ನಿನ್ನಮ್ಮನ ಪಾದ ಬೆಚ್ಚಗಿದೆಯೇ ನೋಡು. ತಣ್ಣಗಿದ್ದರೆ ಕಾಲುಚೀಲ ಹಾಕು. ಅವಳಿಗೆ ಮೊದಲಿಂದಲೂ ಕಾಲು ತಣ್ಣಗಾದರೆ ನಿದ್ದೆ ಬರುವುದಿಲ್ಲ. ತುಟಿ ಒಣಗಲು ಬಿಡಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ತಲೆ ಬಾಚು. ಬೈತಲೆ ಎಡಕ್ಕೆ.

ಅಂಗಡಿಗೆ ರಜೆ ಹಾಕು, ಅರ್ಧ ದಿನ ಬೇಡ, ಇಡೀ ದಿನ ಅಲ್ಲೇ ಇರು. ಅವಳಿಗೆ ಹೇಳಬೇಕು ಅಂತ ಏನೇನು ಇಟ್ಟುಕೊಂಡಿದ್ದೀಯೋ ಎಲ್ಲ ಹೇಳಿಬಿಡು. ನಾಳೆಗೆ ಅಂತ ಇಡಬೇಡ. ಅವಳ ಕಿವಿ ಚೆನ್ನಾಗಿದೆ, ನನ್ನ ಹಾಗಲ್ಲ.

ನನ್ನ ಕಡೆಯಿಂದ ಒಂದು ಹೇಳು. ಹದಿನೇಳು ವರ್ಷದವಳಿದ್ದಾಗ ಲಾಂಡ್ರಿಯಲ್ಲಿ ಕಾಣೆಯಾದ ಆ ನೀಲಿ ಕೋಟಿಗಾಗಿ ನಾನು ಅವಳ ಮೇಲೆ ಕೈ ಮಾಡಿದೆನಲ್ಲ, ಅದನ್ನು ತೆಗೆದುಕೊಂಡು ಹೋದದ್ದು ಅವಳಲ್ಲ ಎಂದು ಆಮೇಲೆ ಗೊತ್ತಾಯಿತು. ಹೇಳಲಿಲ್ಲ ಅಷ್ಟೆ.

ಅಜ್ಜಿ


ಮಾರ್ಚ್ 14

ಅಜ್ಜಿ,

ಏನಾಗಿದೆ ನಿನಗೆ? ನಿನ್ನ ಕಾಗದ ಮೂರು ಸಲ ಓದಿದೆ. ಒಂದು ಬೈಗುಳವಿಲ್ಲ. ಕಡ್ಡಿ ಅಂತ ಕರೆದಿಲ್ಲ. ದೇವರ ಹೆಸರಂತೂ ಹುಡುಕಿದರೂ ಇಲ್ಲ. ಯಾರನ್ನೋ ಕಳಿಸಿಕೊಡುವ ಹಾಗೆ ಬರೆದಿದ್ದೀಯ. ನೀಲಿ ಕೋಟಿನ ಮಾತು ಅಮ್ಮನಿಗೆ ಹೇಳಿಲ್ಲ. ಅವಳು ಎದ್ದ ಮೇಲೆ ನೀನೇ ಹೇಳು.

ನಾನು ಏನೋ ಮುಚ್ಚಿಟ್ಟಿದ್ದೇನೆ ಎಂದು ನಿನಗೆ ವಾಸನೆ ಬಡಿದಿರಬೇಕು. ಹೌದು, ಮುಚ್ಚಿಟ್ಟಿದ್ದೆ. ಫೆಬ್ರವರಿ ಒಂಬತ್ತಕ್ಕೆ ಅಮ್ಮನಿಗೆ ಎರಡನೇ ಆಪರೇಷನ್ ಆಯಿತು. ಒಳಗೆ ಮತ್ತೆ ರಕ್ತ ಕಟ್ಟಿತ್ತು. ಐದು ಗಂಟೆ ಹಿಡಿಯಿತು. ನಿನಗೆ ಬರೆಯಲು ಕೈ ಬರಲಿಲ್ಲ. ಈಗ ಆ ಗಂಡಾಂತರ ಕಳೆದಿದೆ, ಅದಕ್ಕೇ ಈ ಕೋಣೆಗೆ ತಂದಿರುವುದು. ಎಚ್ಚರ ಬರುತ್ತದೆಯೇ, ಬಂದರೆ ಎಷ್ಟು ಬರುತ್ತದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಾಯಿರಿ ಅನ್ನುತ್ತಾರೆ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಇನ್ನೇನೂ ಬಚ್ಚಿಟ್ಟಿಲ್ಲ.

ಹೊದಿಕೆ ಬದಲಿಸಲು ಬರುವ ಹೆಂಗಸಿಗೆ ನಿನ್ನ ವಿಷಯ ಹೇಳಿದೆ. 'ಹಾಗಾದ್ರೆ ನಿಮ್ಮಜ್ಜಿ ನಮ್ಮೋರೇ ಅನ್ನಿ!' ಎಂದು ನಕ್ಕಳು. ಕೆಂಪು ದಾರ ಯಾಕೆ ಎಂದು ಕೇಳಿದೆ. 'ಇದು ಎರಡನೇ ಮಹಡಿ ಅಲ್ವಾ, ನಮಗೆ ಕೆಂಪು. ಮೂರನೇ ಮಹಡಿಯೋರಿಗೆ ನೀಲಿ. ಗುರುತು ಹಾಕ್ದೆ ಬಿಟ್ರೆ ಆ ಕಳ್ಳಿಯರು ನಮ್ಮ ಒಳ್ಳೊಳ್ಳೆ ಹೊದಿಕೆ ಎಲ್ಲಾ ಎತ್ಕೊಂಡ್ ಹೋಗ್ತಾರೆ' ಎಂದಳು. ನಿನಗೆ ನಗು ಬರಲಿ ಎಂದು ಬರೆದೆ.

ಬೈದು ಒಂದು ಕಾಗದ ಬರೆ.

ಮೊಮ್ಮಗಳು


ಮಾರ್ಚ್ 22

ಕಡ್ಡೀ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಕೆಂಪು ದಾರದ ಸಾಲು ಓದಿ ಸ್ಟೂಲಿನ ಮೇಲೆ ಕೂತವಳು ಬೀಗದ ಅಂಗಡಿಯವನು ಬಾಗಿಲು ಮುಚ್ಚಿಕೊಂಡು ಹೋಗುವ ತನಕ ಏಳಲಿಲ್ಲ. ನಿನಗೆ ಹೇಳದೆ ಇರಬಹುದಿತ್ತು. ನೀನು ಮುಚ್ಚಿಟ್ಟದ್ದನ್ನು ಹೇಳಿದ ಮೇಲೆ ನಾನು ಸುಮ್ಮನಿದ್ದರೆ ನನಗೇ ಅನ್ನ ಇಳಿಯುವುದಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಕೆಂಪು ದಾರದ ಮೂರು ಹೊಲಿಗೆ ಅಂದರೆ ಕೊನೆಯ ಕೋಣೆ. ಔಷಧಿ ನಿಲ್ಲಿಸಿದವರ ಕೋಣೆ. ಕಾರಿಡಾರಿನ ತುದಿಗೆ, ಸದ್ದಿಲ್ಲದ ಕಡೆ, ದೊಡ್ಡ ಕಿಟಕಿ. ನರ್ಸುಗಳು ಜಾಸ್ತಿ ಬರುವುದಿಲ್ಲ, ಬಂದು ಮಾಡುವುದೇನೂ ಇರುವುದಿಲ್ಲ. ಆ ಹೊದಿಕೆಗಳನ್ನು ನಾವು ಬೇರೆಯಾಗಿ ಒಗೆಯುತ್ತಿದ್ದೆವು, ಬೇರೆಯಾಗಿ ಮಡಚುತ್ತಿದ್ದೆವು. ಮೂವತ್ತೊಂದು ವರ್ಷದಲ್ಲಿ ಕೆಂಪು ದಾರದ ಹೊದಿಕೆಯಿಂದ ಎದ್ದು ಮನೆಗೆ ಹೋದವರನ್ನು ನಾನು ನೋಡಿಲ್ಲ. ಮನೆಯವರಿಗೆ ಡಾಕ್ಟರು ಹೇಳುವುದಕ್ಕೆ ಮೊದಲೇ ಲಾಂಡ್ರಿಯವರಿಗೆ ಗೊತ್ತಾಗುತ್ತಿತ್ತು. ಒಂದು ಸಲ ಒಬ್ಬಳು ಗಂಡನ ಅಂಗಿ ಹುಡುಕಿಕೊಂಡು ಲಾಂಡ್ರಿ ಬಾಗಿಲಿಗೆ ಬಂದಳು. 'ನಾಳೆ ಮನೆಗೆ ಕಳಿಸ್ತಾರೇನೋ, ಇಸ್ತ್ರಿ ಮಾಡಿಡ್ತೀನಿ' ಅಂದಳು. ಅವಳ ಗಂಡನ ಮಂಚಕ್ಕೆ ಹೋಗುವ ಕೆಂಪು ದಾರದ ಹೊದಿಕೆ ನನ್ನ ಕೈಯಲ್ಲೇ ಇತ್ತು. ನಾನು ಅಂಗಿ ಹುಡುಕಿ ಕೊಟ್ಟೆ, ಬಾಯಿ ಬಿಡಲಿಲ್ಲ.

ನಿನ್ನ ಹಿಂದಿನ ಕಾಗದದಲ್ಲಿ ಒಂದೂ ಬಿಡದೆ ಎಲ್ಲ ಇತ್ತು. ಕೊನೆಯ ಕೋಣೆ, ಕಿಟಕಿ, ನಳಿಗೆ ತೆಗೆದದ್ದು, ನರ್ಸು ಬರದಿರುವುದು, ಮೂರು ಹೊಲಿಗೆ. ಈ ಮಗುವಿಗೆ ಯಾರೂ ಹೇಳಿಲ್ಲ, ಇದು ಬಿಸಿಲು ನೋಡಿ ಖುಷಿಪಡುತ್ತಿದೆ ಅಂದುಕೊಂಡೆ.

ಇಷ್ಟೇ ಆಗಿದ್ದರೆ ದಡ್ಡಿ ಮುದುಕಿ ಅಂತ ನಗಬಹುದಿತ್ತು. ಮುಂದಿನದನ್ನು ಹೇಗೆ ಬರೆಯಲಿ. ಆ ಕಾಗದ ಬಂದ ಮರುದಿನ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು, 'ಇಷ್ಟು ದಿನ ಕೊಡು ಕೊಡು ಅಂದೆ. ಇನ್ನು ತಗೋ. ಬೇಗ ತಗೋ. ನನ್ನ ಕೂಸನ್ನು ನರಳಿಸಬೇಡ' ಅಂದೆ. ಒಂದು ದಿನವಲ್ಲ, ಕಡ್ಡೀ. ಹದಿನಾರು ಬೆಳಿಗ್ಗೆ. ಅವಳು ಉಳಿಯಲಿ ಎಂದು ಕೇಳುವಾಗ ನಡುವೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು, ಸೊಂಟ ನೆನಪಾಗುತ್ತಿತ್ತು. ಇದನ್ನು ಕೇಳುವಾಗ ಏನೂ ನೆನಪಾಗಲಿಲ್ಲ. ಜನ್ಮದಲ್ಲಿ ಅಷ್ಟು ಮನಸ್ಸಿಟ್ಟು ಅವನ ಹತ್ತಿರ ಏನನ್ನೂ ಕೇಳಿರಲಿಲ್ಲ.

ನಿನ್ನಮ್ಮ ಹೆಜ್ಜೆ ಹೆಜ್ಜೆಯಾಗಿ ಮೇಲೆ ಬರುತ್ತಿದ್ದಳಂತೆ. ನಾನು ಇಲ್ಲಿ ಕೂತು ಕೈ ಬಿಡು ಕೈ ಬಿಡು ಅನ್ನುತ್ತಿದ್ದೆ.

ಈಗ ಏನೆಂದು ಅವನ ಎದುರು ಹೋಗಲಿ? ಅಂಗಡಿಯಲ್ಲಿ ತಪ್ಪು ಅಳತೆಯ ಚಪ್ಪಲಿ ವಾಪಸ್ಸು ಕೊಟ್ಟ ಹಾಗೆ ಆ ಮಾತು ವಾಪಸ್ಸು ಕೊಡಲಾಗುತ್ತದೆಯೇ? ಇಂದು ಬೆಳಿಗ್ಗೆ ಸ್ಟೂಲನ್ನು ಗೋಡೆಗೆ ತಳ್ಳಿಬಿಟ್ಟೆ. ಇಷ್ಟು ವರ್ಷ ಅವನು ನನ್ನ ಮಾತು ಕೇಳುತ್ತಾನೆ, ಅದಕ್ಕೇ ಒಳ್ಳೆಯವನು ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ಈಗ ಅವನು ಒಳ್ಳೆಯವನಾಗಿದ್ದರೆ ನನ್ನ ಮಾತು ಕೇಳಿರಬಾರದು. ಅಷ್ಟೊಂದು ಒಳ್ಳೆಯವನೇ ಅವನು? ನನಗೆ ಗೊತ್ತಿಲ್ಲ. ನಿನಗೆ ಧೈರ್ಯವಾಗಿ ಬರೆದೆನಲ್ಲ, ಒಳ್ಳೆಯವನು, ಒಳ್ಳೆಯವನು ಎಂದು. ಆ ಮಾತಿನ ಮೇಲೆ ಈಗ ನಾನೇ ಕೂರಬೇಕಾಗಿದೆ. ಮುಳ್ಳಿನ ಮೇಲೆ ಕೂತ ಹಾಗಿದೆ.

ಅವಳ ಪಾದ ಬೆಚ್ಚಗಿದೆಯೇ, ಅಷ್ಟು ಬರೆ. ನನ್ನನ್ನು ಬೈಯುವುದನ್ನು ಆಮೇಲೆ ಬೈಯುವೆಯಂತೆ.

ಅಜ್ಜಿ


ಏಪ್ರಿಲ್ 8

ಕಡ್ಡೀ,

ಹದಿನೇಳು ದಿನವಾಯಿತು. ಅಂಚೆಯವನು ದಿನಾ ನನ್ನ ಮುಖ ನೋಡಿ ತಲೆ ಆಡಿಸಿ ಹೋಗುತ್ತಾನೆ. 'ಏನಜ್ಜಿ, ನಾನೇ ಬರೆದುಕೊಡ್ಲಾ ಒಂದು?' ಅಂದ ನಿನ್ನೆ. ಬೈಯಲು ಬಾಯಿ ಬರಲಿಲ್ಲ ನನಗೆ. ಅವನೇ ಹೆದರಿಕೊಂಡು ಹೋದ.

ದಪ್ಪಕ್ಕ ಮೊಮ್ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು. ಅವಳಿಗೆ ಎಲ್ಲ ಹೇಳಿದೆ. ಕೆಂಪು ದಾರ ಅಂದ ಕೂಡಲೇ ಅವಳ ಮುಖವೂ ಸುಣ್ಣದ ಹಾಗಾಯಿತು. ಬೇರೆ ಆಸ್ಪತ್ರೆಯಲ್ಲಿ ಬೇರೆ ಗುರುತು ಇರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯುತ್ತಿರಲಿಲ್ಲ, ನಾವು ಕಂಡದ್ದು ಒಂದೇ ಆಸ್ಪತ್ರೆ. ಹೋಗುವಾಗ ಅವಳು, 'ನಿನ್ನ ಜಾಗದಲ್ಲಿದ್ದಿದ್ರೆ ನಾನೂ ಅದನ್ನೇ ಕೇಳ್ತಿದ್ದೆ ಕಣೇ' ಅಂದಳು. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.

ಹೋಗಿದ್ದರೆ ಹೋದಳು ಅಂತ ಬರೆ. ಇದ್ದರೆ ಇದ್ದಾಳೆ ಅಂತ ಬರೆ. ಒಂದು ಪುಟ ಬೇಡ, ಒಂದು ಸಾಲು ಸಾಕು. ಸಣ್ಣ ಕಾಗದ ಎಂದು ಇನ್ನು ಎಂದೂ ಬೈಯುವುದಿಲ್ಲ.

ಅಜ್ಜಿ


ಏಪ್ರಿಲ್ 10

ಅಜ್ಜಿ,

ಅಮ್ಮ ಇದ್ದಾಳೆ. ಪಾದ ಬೆಚ್ಚಗಿದೆ. ಮೊದಲು ಇದನ್ನು ಓದಿಕೊಂಡು ಒಂದು ಲೋಟ ನೀರು ಕುಡಿ.

ಹನ್ನೆರಡು ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ದಿನಾ ಬರೆಯಲು ಕೂತು ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ. ಇಂಥದ್ದನ್ನು ಹೇಗೆ ಕೇಳಿದೆ, ಹೆತ್ತವಳಾಗಿ ಹೇಗೆ ಬಾಯಿ ಬಂತು ಎಂದು. ನಿನ್ನ ಮೇಲೆ ಸಿಟ್ಟು ಮಾಡುವುದು ಸುಲಭವಾಗಿತ್ತು. ಯಾಕೆಂದರೆ ಇನ್ನೇನೂ ಬಚ್ಚಿಟ್ಟಿಲ್ಲ ಎಂದು ನಾನು ಬರೆದದ್ದು ಸುಳ್ಳು.

ಎರಡನೇ ಆಪರೇಷನ್ ನಡೆಯುತ್ತಿದ್ದಾಗ ನಾನು ಕಾರಿಡಾರಿನ ಬೆಂಚಿನ ಮೇಲಿದ್ದೆ. ಮೂರನೇ ಗಂಟೆಯಲ್ಲಿ ಒಬ್ಬ ಡಾಕ್ಟರು ಹೊರಗೆ ಬಂದು, 'ಉಳಿದರೂ ನಿಮ್ಮನ್ನ ಗುರುತು ಹಿಡಿಯದೆ ಇರಬಹುದು, ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಎಂದು ಹೇಳಿ ಒಳಗೆ ಹೋದರು. ಆಗ ನಾನೂ ದೇವರನ್ನು ಕೇಳಿದೆ ಅಜ್ಜಿ. ಸಾಕು ಮಾಡು, ಇಲ್ಲೇ ಮುಗಿಸು ಎಂದು ಕೇಳಿದೆ. ನೀನು ಅಮ್ಮ ನರಳಬಾರದೆಂದು ಕೇಳಿದೆ. ನಾನು ಯಾರಿಗೋಸ್ಕರ ಕೇಳಿದೆನೋ ನನಗೆ ಗೊತ್ತಿಲ್ಲ. ನನಗೆ ಸುಸ್ತಾಗಿತ್ತು.

ಅದಾಗಿ ಎರಡು ದಿನಕ್ಕೆ ನಿನ್ನ ಮೊದಲ ಕಾಗದ ಬಂತು. ಅವನು ಒಳ್ಳೆಯವನು, ಇಬ್ಬರು ಕೇಳಿದರೆ ಬೇಗ ಎದ್ದಾನು ಎಂದು. ಅದಕ್ಕೇ ಅದು ಚುಚ್ಚುತ್ತಿದ್ದದ್ದು. ಒಳ್ಳೆಯವನಲ್ಲವೇ, ನಾನು ಹೇಳಿದ್ದನ್ನು ಕೇಳಿಬಿಟ್ಟರೆ ಎಂದು ಹೆದರಿಕೆ. ಅವತ್ತಿಂದ ಅವನ ಎದುರು ಕಣ್ಣು ಮುಚ್ಚಿಲ್ಲ.

ಈಗಿನ ಸ್ಥಿತಿ ಇದ್ದ ಹಾಗೇ ಬರೆಯುತ್ತೇನೆ, ಉಜ್ಜುವುದಿಲ್ಲ. ಅಮ್ಮ ಕಣ್ಣು ಬಿಟ್ಟಿದ್ದಾಳೆ. ನೋಡುವುದಿಲ್ಲ. ನಾನು ಎದುರು ನಿಂತರೆ ನನ್ನನ್ನು ದಾಟಿ ಕಿಟಕಿಯ ಕಡೆ ಇರುತ್ತದೆ ಅವಳ ಕಣ್ಣು. ಕರೆದರೆ ತಿರುಗುವುದಿಲ್ಲ. ಆದರೆ ಭಾನುವಾರದಿಂದ ಬಲಗೈ ಒಂದು ಕೆಲಸ ಮಾಡುತ್ತಿದೆ. ಹೊದಿಕೆಯ ಅಂಚು ಹಿಡಿದು ಮಡಚಿ, ಹೆಬ್ಬೆರಳ ಉಗುರಲ್ಲಿ ಗೆರೆ ಎಳೆಯುತ್ತದೆ. ಬಿಡಿಸಿ ಮತ್ತೆ ಮಡಚುತ್ತದೆ. ನಾನು ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ನೋಡಿ, 'ಇದು ಕೈಯ ಅಭ್ಯಾಸ ಅಷ್ಟೇ, ಇದರಿಂದ ಏನೂ ಹೇಳೋಕಾಗಲ್ಲ. ಆಸೆ ಇಟ್ಕೋಬೇಡಿ, ಬಿಡಲೂಬೇಡಿ' ಎಂದರು. ಹಾಗೆಂದರೆ ಏನು ಮಾಡಬೇಕು ಅಜ್ಜಿ? ನನಗೆ ತಿಳಿಯುತ್ತಿಲ್ಲ.

ಮೊಮ್ಮಗಳು


ಏಪ್ರಿಲ್ 18

ಕಡ್ಡೀ,

ನೀರು ಕುಡಿದೆ. ಎರಡು ಲೋಟ.

ನೀನು ಬೆಂಚಿನ ಮೇಲೆ ಕೇಳಿದ್ದನ್ನು ಓದಿದೆ. ಏನೂ ಅನ್ನುವುದಿಲ್ಲ. ಇಪ್ಪತ್ತಾರು ವರ್ಷದ ಹುಡುಗಿ ಒಬ್ಬಳೇ ಐದು ಗಂಟೆ ಕೂತಿದ್ದಳು, ಪಕ್ಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ ಎನ್ನುವುದಷ್ಟೇ ನನಗೆ ಕಾಣುತ್ತಿದೆ. ಅಲ್ಲಿರಬೇಕಾಗಿದ್ದವಳು ಇಲ್ಲಿ ಸೊಂಟ ಹಿಡಿದುಕೊಂಡು ನಿನಗೆ ಬುದ್ಧಿಮಾತು ಬರೆಯುತ್ತಿದ್ದಳು.

ನೀನು, ನಾನು, ಇಬ್ಬರೂ ಒಂದೇ ಮಾತು ಕೇಳಿದೆವು. ಅವನು ಮಾಡಲಿಲ್ಲ. ಅದು ಅವನ ಒಳ್ಳೆಯತನವೋ, ನಮ್ಮ ಮಾತು ಅಲ್ಲಿಗೆ ಮುಟ್ಟಲೇ ಇಲ್ಲವೋ, ಬೇರೆ ಏನೋ, ಗೊತ್ತು ಅಂತ ನಾನು ಹೇಳುವುದಿಲ್ಲ. ಮೊದಲಾಗಿದ್ದರೆ ಎದೆ ತಟ್ಟಿ ಹೇಳುತ್ತಿದ್ದೆ.

ಇವತ್ತು ಸ್ಟೂಲನ್ನು ಮತ್ತೆ ಕಿಟಕಿಯ ಹತ್ತಿರ ಎಳೆದು ಕೂತೆ. ಏನನ್ನೂ ಕೇಳಲಿಲ್ಲ. ಕೇಳುವುದಕ್ಕೇ ಭಯ. ಹಬೆಯೊಳಗೆ ನಿಂತ ಹಾಗಿತ್ತು. ಬಟ್ಟೆ ಬಿಗಿಯಾಗಿದ್ದರೆ ಆ ಕಡೆ ಹಿಡಿದಿದ್ದಾರೆ ಎಂದು ನಿನಗೆ ದೊಡ್ಡದಾಗಿ ಬರೆದಿದ್ದೆನಲ್ಲ, ಈಗ ನನ್ನ ಕೈಗೆ ಬಿಗಿ ಏನೂ ಗೊತ್ತಾಗುತ್ತಿಲ್ಲ. ಸಡಿಲವಾಗಿಯೇ ಇದೆ. ಲಾಂಡ್ರಿಯಲ್ಲೂ ಕೆಲವು ಸಲ ಹೀಗೆ ಸಡಿಲವಾಗುತ್ತಿತ್ತು. 'ಎಲ್ಲಿ ಸತ್ತೆಯೇ?' ಎಂದು ಕೂಗುತ್ತಿದ್ದೆ. ಯಂತ್ರದ ಗದ್ದಲದಲ್ಲಿ ಉತ್ತರ ಕೇಳುತ್ತಿರಲಿಲ್ಲ. ಆದರೂ ನನ್ನ ಮೂಲೆ ನಾನು ಬಿಡುತ್ತಿರಲಿಲ್ಲ. ಅದು ನಂಬಿಕೆಯಲ್ಲ, ಎಂಥದ್ದೂ ಅಲ್ಲ. ಬಿಟ್ಟರೆ ನೆಲಕ್ಕೆ ಬೀಳುತ್ತದೆ, ಮತ್ತೆ ಒಗೆಯಬೇಕು, ಅಷ್ಟೇ. ಇವತ್ತೂ ಅಷ್ಟೇ ಮಾಡಿದೆ. ಹಾಲು ಉಕ್ಕುವ ತನಕ ಕೂತಿದ್ದೆ.

ಏನು ಮಾಡಬೇಕು ಅಂತ ಕೇಳಿದ್ದೀಯ. ಆಸೆ ಇಡದೆ, ಬಿಡದೆ ಇರುವುದು ಹೇಗೆ ಎಂದು ಆ ಡಾಕ್ಟರಿಗೂ ಗೊತ್ತಿರಲಾರದು. ನನಗೆ ಗೊತ್ತಿರುವುದು ಒಂದೇ ಕೆಲಸ, ಅದನ್ನೇ ಹೇಳುತ್ತೇನೆ. ನಾಳೆ ಅವಳ ಕೈ ಹೊದಿಕೆ ಮಡಚಲು ಶುರು ಮಾಡಿದಾಗ ಮಂಚದ ಆ ಕಡೆಗೆ ಹೋಗಿ ಇನ್ನೊಂದು ಅಂಚು ಹಿಡಿದುಕೋ. ಎಳೆಯಬೇಡ. ಮಾತಾಡಬೇಡ. ಅವಳು ನೋಡದಿದ್ದರೆ ನೋಡದಿರಲಿ. ಸುಮ್ಮನೆ ಹಿಡಿದು ನಿಂತಿರು.

ಅಷ್ಟು ದೊಡ್ಡ ಹೊದಿಕೆ, ಪಾಪ, ಅವಳೊಬ್ಬಳಿಂದ ಆಗುವುದಿಲ್ಲ.

ನಿನ್ನ ಅಜ್ಜಿ